19 ತುಂಡುಗಳನ್ನು ಮತ್ತೆ ಒಂದಾಗಿಸಿದ ಬಗೆ

2018ರ ಬೇಸಿಗೆಯಲ್ಲಿ ನಮ್ಮ 11 ಜನರ ತಂಡವು ಕೆಲಸ ಮಾಡುತ್ತಿದ್ದ ಒಂದು ತಂತ್ರಾಂಶವನ್ನು 19 ತುಂಡುಗಳಾಗಿ ಒಡೆಯಲು ಕೈಹಾಕಿತು. 2020ರ ಕೊನೆಯಿಂದ ಹದಿನಾಲ್ಕು ತಿಂಗಳು ದುಡಿದು ಅವುಗಳಲ್ಲಿ 17ನ್ನು ಮತ್ತೆ ಒಂದೇ ತಂತ್ರಾಂಶವಾಗಿ ಜೋಡಿಸಿದೆವು. ಎರಡೂ ಪ್ರಸ್ತಾವಗಳನ್ನು ಬರೆದವನು ನಾನೇ. ಇಂದು ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಅದೇ ಕೊಠಡಿಯಲ್ಲಿ, ಅದೇ ಆತುರದ ದನಿಯಲ್ಲಿ ‘ಎಲ್ಲರೂ ಆ ಕಡೆಗೇ ಹೋಗುತ್ತಿದ್ದಾರೆ’ ಎಂಬ ಮಾತು ಮತ್ತೆ ಕೇಳಿಬರುತ್ತಿರುವುದರಿಂದ, ಅಂದು ಏನಾಯಿತು, ಅದನ್ನು ಹೇಗೆ ಸರಿಪಡಿಸಿಕೊಂಡೆವು ಎಂಬುದನ್ನು ಬರೆದಿಡಬೇಕೆನಿಸಿತು.

ಬೆಂಗಳೂರಿನ ನಮ್ಮ ಸಣ್ಣ ಸಂಸ್ಥೆಯು ಸೋಪು, ಬಿಸ್ಕತ್ತು, ಎಣ್ಣೆಯಂಥ ದಿನಬಳಕೆಯ ವಸ್ತುಗಳ ವಿತರಕರಿಗಾಗಿ ಬಿಲ್ಲಿಂಗ್ ತಂತ್ರಾಂಶವನ್ನು ತಯಾರಿಸುತ್ತದೆ. ತುಮಕೂರು, ಹಾಸನ, ದಾವಣಗೆರೆ ಮುಂತಾದ ಊರುಗಳಲ್ಲಿ ನಮ್ಮ ಗ್ರಾಹಕರಿದ್ದಾರೆ. ಬೆಳಿಗ್ಗೆ ಅವರ ಸೇಲ್ಸ್‌ಮನ್‌ಗಳು ಲೈನಿಗೆ ಹೋಗಿ ಅಂಗಡಿ ಅಂಗಡಿಯಿಂದ ಆರ್ಡರ್ ತರುತ್ತಾರೆ, ಸಂಜೆ ಬಿಲ್ಲುಗಳು ಮುದ್ರಣವಾಗುತ್ತವೆ, ಗೋಡೌನ್‌ನಿಂದ ಮಾಲು ಗಾಡಿಗೆ ಏರುತ್ತದೆ, ಮರುದಿನ ಮಾಲು ಇಳಿಸಿ ಹಳೆಯ ಬಾಕಿ ವಸೂಲಿ ಮಾಡುತ್ತಾರೆ. ಇವೆಲ್ಲವನ್ನೂ ಜಾವಾದಲ್ಲಿ ಬರೆದ ಒಂದೇ ತಂತ್ರಾಂಶವು ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸಿನೊಂದಿಗೆ ಎರಡು ಸರ್ವರ್‌ಗಳ ಮೇಲೆ ನಿಭಾಯಿಸುತ್ತಿತ್ತು.

ಅದರಲ್ಲಿ ನಿಜವಾದ ಎರಡು ತೊಂದರೆಗಳಿದ್ದವು. ಕಂಪನಿಗಳು ಕೊಟ್ಟ ಮಾಸಿಕ ಗುರಿ ಮುಟ್ಟಲು ವಿತರಕರು ತಿಂಗಳ ಕೊನೆಯ ಮೂರು ದಿನಗಳಲ್ಲಿ ರಾಶಿ ಬಿಲ್ಲು ಹಾಕುತ್ತಾರೆ. ಆ ದಿನಗಳಲ್ಲಿ ಒಂದು ಬಿಲ್ಲಿಗೆ 40 ಸೆಕೆಂಡು ಹಿಡಿಯುತ್ತಿತ್ತು. ಇನ್ನೊಂದು ತೆರಿಗೆಯದು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ತೆರಿಗೆ ಲೆಕ್ಕ ಹಾಕುವ ಸಾಲುಗಳು ನಮ್ಮ ಕೋಡಿನಲ್ಲಿ 14 ಕಡೆ ಚದುರಿಹೋಗಿದ್ದವು. ಅವನ್ನೆಲ್ಲ ಹುಡುಕಿ ತಿದ್ದಿ ಉಸಿರು ಬಿಡುವಷ್ಟರಲ್ಲಿ, ಮಾಲು ಸಾಗಿಸುವ ಮೊದಲು ಸರ್ಕಾರದ ಪೋರ್ಟಲ್‌ನಲ್ಲಿ ಸಂಖ್ಯೆ ಪಡೆಯಬೇಕಾದ ಇ-ವೇ ಬಿಲ್ ಬಂತು. 2018ರ ಏಪ್ರಿಲ್ 1ರಂದು ರಾಜ್ಯದ ಒಳಗಿನ ಸಾಗಣೆಗೂ ಅದನ್ನು ಜಾರಿಗೊಳಿಸಿದ್ದು ಕರ್ನಾಟಕವೊಂದೇ. ವ್ಯಾಟ್ ಕಾಲದ ಇ-ಸುಗಮ್ ವ್ಯವಸ್ಥೆಯಿಂದ ಇಲ್ಲಿನ ವ್ಯಾಪಾರಿಗಳಿಗೆ ಅಂಥ ಸಂಖ್ಯೆ ಪಡೆದು ಮಾಲು ಕಳುಹಿಸುವ ಅಭ್ಯಾಸ ಮೊದಲೇ ಇತ್ತು. ನಮ್ಮ ತಂಡ ಮಾತ್ರ ದಣಿದಿತ್ತು. ಹಾಗೆ ದಣಿದವರ ಕಿವಿಗೆ ‘ಎಲ್ಲವನ್ನೂ ಹೊಸದಾಗಿ ಕಟ್ಟೋಣ’ ಎಂಬ ಮಾತು ಬಹಳ ಇಂಪಾಗಿ ಕೇಳಿಸುತ್ತದೆ.

ಆಗ ಬೀಸುತ್ತಿದ್ದುದು ಮೈಕ್ರೋಸರ್ವಿಸ್‌ನ ಗಾಳಿ: ಒಂದು ದೊಡ್ಡ ತಂತ್ರಾಂಶವನ್ನು ನೆಟ್‌ವರ್ಕ್ ಮೂಲಕ ಮಾತಾಡಿಕೊಳ್ಳುವ ಸಣ್ಣ ಸಣ್ಣ ಸ್ವತಂತ್ರ ತುಂಡುಗಳಾಗಿ, ಅಂದರೆ ಸರ್ವಿಸ್‌ಗಳಾಗಿ, ಒಡೆಯುವ ವಿನ್ಯಾಸ. ಅಂಥ ತುಂಡುಗಳನ್ನು ಪೊಟ್ಟಣ ಕಟ್ಟಿ ಓಡಿಸುವ ಡಾಕರ್ 2013ರಲ್ಲಿ, ಅವುಗಳ ರಾಶಿಯನ್ನು ನಿಭಾಯಿಸುವ ಕುಬರ್‌ನೆಟೀಸ್ 2014ರಲ್ಲಿ ಬಂದಿದ್ದವು. ತಂತ್ರಾಂಶ ವಿನ್ಯಾಸದ ತಜ್ಞರಾದ ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್ 2014ರ ಮಾರ್ಚ್‌ನಲ್ಲಿ ಈ ವಿನ್ಯಾಸದ ಲಕ್ಷಣಗಳನ್ನು ವಿವರಿಸಿ ಬರೆದ ಮೇಲೆ ಆ ಪದ ಎಲ್ಲರ ಬಾಯಲ್ಲೂ ನೆಲೆಗೊಂಡಿತ್ತು. ಕೋರಮಂಗಲದಲ್ಲಿ, ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಶನಿವಾರ ನಡೆಯುವ ಎಂಜಿನಿಯರುಗಳ ಕೂಟಗಳಿಗೆ ನಾನು ತಪ್ಪದೆ ಹೋಗುತ್ತಿದ್ದೆ. ಪ್ರತಿಯೊಂದು ಉಪನ್ಯಾಸದ ಎರಡನೆಯ ಚಿತ್ರದಲ್ಲಿ ನೆಟ್‌ಫ್ಲಿಕ್ಸ್ ಇರುತ್ತಿತ್ತು. ಇತ್ತ ಆರು ತಿಂಗಳಲ್ಲಿ ನಮ್ಮ ಮೂವರು ಎಂಜಿನಿಯರುಗಳು ಕೆಲಸ ಬಿಟ್ಟರು, ಅವರಲ್ಲಿ ಇಬ್ಬರು ‘ಇಲ್ಲಿ ಕಲಿಯುವುದಕ್ಕೆ ಹೊಸದೇನೂ ಇಲ್ಲ’ ಎಂದು ಹೇಳಿಯೇ ಹೋದರು. ಬಂಡವಾಳದ ಮಾತುಕತೆಗೆ ಬಂದಿದ್ದವರೊಬ್ಬರು ನಮ್ಮ ವಿತರಕರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ‘ನೀವು ಇನ್ನೂ ಮಾನೊಲಿತ್‌ನಲ್ಲೇ ಇದ್ದೀರಾ?’ ಎಂದು, ಅಂದರೆ ಎಲ್ಲವೂ ಇನ್ನೂ ಒಂದೇ ತಂತ್ರಾಂಶದಲ್ಲೇ ಇದೆಯೇ ಎಂದು ಕೇಳಿದರು. ನಾನು ಆ ವಾರವೇ ಒಂಬತ್ತು ಪುಟಗಳ ಪ್ರಸ್ತಾವ ಬರೆದೆ. ಎರಡು ವರ್ಷಗಳ ನಂತರ ಅದನ್ನು ತೆರೆದು ನೋಡಿದಾಗ ಒಂಬತ್ತು ಪುಟಗಳಲ್ಲಿ ‘ವಿತರಕ’ ಎಂಬ ಪದ ಒಂದೇ ಒಂದು ಸಲ, ಅದೂ ಪೀಠಿಕೆಯಲ್ಲಿ ಬಂದಿತ್ತು.

ನೆಟ್‌ಫ್ಲಿಕ್ಸ್‌ನ ಕಥೆಯನ್ನು ನಾನು ಅರ್ಧ ಮಾತ್ರ ಓದಿಕೊಂಡಿದ್ದೆ. 2008ರ ಆಗಸ್ಟ್‌ನಲ್ಲಿ ಅವರ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿಗಳನ್ನು ಕಳುಹಿಸಲಾಗದೆ ಹೋದ ಮೇಲೆ ಅವರು ಅಮೆಜಾನ್‌ನ ಕ್ಲೌಡ್‌ಗೆ ಸ್ಥಳಾಂತರ ಆರಂಭಿಸಿದರು. ಆ ಕೆಲಸ ಮುಗಿದದ್ದು 2016ರ ಜನವರಿಯಲ್ಲಿ. ಅನೇಕ ತಂಡಗಳ ಎಂಜಿನಿಯರುಗಳು ಒಬ್ಬರಿಗಾಗಿ ಒಬ್ಬರು ಕಾಯದೆ ತಮ್ಮ ತಮ್ಮ ಭಾಗವನ್ನು ಹೊರಬಿಡುವಂತಾಗಬೇಕು ಎಂಬುದು ಅವರ ಅಗತ್ಯವಾಗಿತ್ತು. ನಮ್ಮಲ್ಲಿ 11 ಜನರೂ ಒಂದೇ ಕೊಠಡಿಯಲ್ಲಿದ್ದೆವು. ಇನ್ನೊಬ್ಬರನ್ನು ಏನಾದರೂ ಕೇಳಬೇಕಿದ್ದರೆ ಕುರ್ಚಿ ತಿರುಗಿಸಿದರೆ ಸಾಕಿತ್ತು. ಒಂದು ಸಂಸ್ಥೆಯು ಕಟ್ಟುವ ವ್ಯವಸ್ಥೆಯು ಆ ಸಂಸ್ಥೆಯೊಳಗಿನ ಮಾತುಕತೆಯ ಆಕಾರವನ್ನೇ ತಳೆಯುತ್ತದೆ ಎಂದು ಗಣಕ ವಿಜ್ಞಾನಿ ಮೆಲ್ವಿನ್ ಕಾನ್ವೆ 1968ರಲ್ಲೇ ಬರೆದಿದ್ದರು. 11 ಜನರ ಒಂದು ಕೊಠಡಿಗೆ 19 ಸರ್ವಿಸ್‌ಗಳ ಆಕಾರ ಎಲ್ಲಿಂದ ಬರಬೇಕು? ಹೊಸ ವ್ಯವಸ್ಥೆಯನ್ನು ಮೊದಲು ಒಂದೇ ತಂತ್ರಾಂಶವಾಗಿ ಕಟ್ಟುವುದು ಮೇಲು ಎಂದು ಫೌಲರ್ ಅವರೇ 2015ರಲ್ಲಿ ಎಚ್ಚರಿಸಿದ್ದರು. ಆ ವಿನ್ಯಾಸವನ್ನು ಜನಕ್ಕೆ ಪರಿಚಯಿಸಿದವರೇ ಕೊಟ್ಟ ಎಚ್ಚರಿಕೆ ನಾನು ಹೋದ ಯಾವ ಕೂಟದಲ್ಲೂ ಕಿವಿಗೆ ಬೀಳಲಿಲ್ಲ, ನಾನಾಗಿ ಹುಡುಕಲೂ ಇಲ್ಲ.

ಈಗ ಒಂದು ಬಿಲ್ಲನ್ನು ಹತ್ತಿರದಿಂದ ನೋಡೋಣ. ಹಳೆಯ ತಂತ್ರಾಂಶದಲ್ಲಿ ಬಿಲ್ ಆಗುವುದು, ಸ್ಟಾಕ್ ಇಳಿಯುವುದು, ಅಂಗಡಿಯವರ ಖಾತೆಗೆ ಉದ್ರಿ ಏರುವುದು, ಈ ಮೂರೂ ಡೇಟಾಬೇಸಿನ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಡೆಯುತ್ತಿದ್ದವು. ಅಂದರೆ ಆದಲ್ಲಿ ಮೂರೂ ಆಗುತ್ತಿದ್ದವು, ಇಲ್ಲವಾದಲ್ಲಿ ಮೂರೂ ಆಗುತ್ತಿರಲಿಲ್ಲ. ಒಡೆದ ಮೇಲೆ ಆರ್ಡರ್, ದರ, ತೆರಿಗೆ, ಸ್ಟಾಕ್, ಉದ್ರಿ, ಮುದ್ರಣ ಎಂಬ ಆರು ಸರ್ವಿಸ್‌ಗಳನ್ನು ದಾಟಿ ಒಂದು ಬಿಲ್ಲು ಹೊರಬರಬೇಕಾಯಿತು. ಒಂದೊಂದೂ ಶೇ. 99.9ರಷ್ಟು ಸಮಯ ಎದ್ದಿರುತ್ತದೆ ಎಂದುಕೊಂಡರೂ ಆರೂ ಒಟ್ಟಿಗೆ ಎದ್ದಿರುವ ಸಮಯ ಸುಮಾರು ಶೇ. 99.4ಕ್ಕೆ ಇಳಿಯುತ್ತದೆ, ಅಂದರೆ ತಿಂಗಳಿಗೆ 43 ನಿಮಿಷಗಳ ನಿಲುಗಡೆ ನಾಲ್ಕು ಗಂಟೆಯನ್ನು ಮೀರುತ್ತದೆ. ಕಾಗದ ಪೆನ್ಸಿಲ್‌ನಲ್ಲಿ ಮಾಡಬಹುದಾದ ಈ ಗುಣಾಕಾರವನ್ನು ನಾವು ಮಾಡಿರಲಿಲ್ಲ.

ನಿಂತುಹೋಗುವುದಕ್ಕಿಂತ ಅರ್ಧಂಬರ್ಧ ನಡೆಯುವುದು ಹೆಚ್ಚು ಅಪಾಯಕಾರಿ. ಬಿಲ್ ಆಯಿತೆಂಬ ಸಂದೇಶವನ್ನು ಒಂದು ಸರ್ವಿಸ್ ಸರತಿಯಲ್ಲಿ ಇಡುತ್ತಿತ್ತು, ಸ್ಟಾಕ್ ಸರ್ವಿಸ್ ಅದನ್ನು ತೆಗೆದು ಓದುತ್ತಿತ್ತು. ಆ ಹೊತ್ತಿಗೆ ಸ್ಟಾಕ್ ಸರ್ವಿಸ್ ಮರುಚಾಲನೆಯಲ್ಲಿದ್ದರೆ ಸಂದೇಶ ತಡವಾಗಿ ತಲುಪುತ್ತಿತ್ತು. ತಲುಪಿತೋ ಇಲ್ಲವೋ ಎಂಬ ಅನುಮಾನದಲ್ಲಿ ಮತ್ತೊಮ್ಮೆ ಕಳುಹಿಸಿದರೆ ಒಂದೇ ಬಿಲ್ಲಿಗೆ ಎರಡು ಸಲ ಸ್ಟಾಕ್ ಇಳಿಯುತ್ತಿತ್ತು. ಇವೆಲ್ಲಕ್ಕೂ ಪರಿಹಾರಗಳಿವೆ, ನಾವೂ ಒಂದೊಂದನ್ನೇ ಕಲಿತು ಹಾಕಿದೆವು. ಆದರೆ ಒಂದೊಂದು ಪರಿಹಾರವೂ ನೋಡಿಕೊಳ್ಳಬೇಕಾದ ಇನ್ನೊಂದು ಭಾಗವನ್ನು ತಂದಿಟ್ಟಿತು. 11 ಜನರಲ್ಲಿ ಮೂವರು ಬರೀ ಇದನ್ನೇ ನೋಡಿಕೊಳ್ಳುವ ಸ್ಥಿತಿ ಬಂತು.

2019ರ ನವೆಂಬರಿನಲ್ಲಿ ತುಮಕೂರಿನ ವಿತರಕರೊಬ್ಬರ ಕಚೇರಿಯಿಂದ ಮೂರು ದಿನಗಳಲ್ಲಿ ನಾಲ್ಕು ಕರೆಗಳು ಬಂದವು. ಫೋನಿನಲ್ಲಿ ಬಗೆಹರಿಯದ್ದರಿಂದ ನಾನೇ ಬಸ್ಸು ಹತ್ತಿ ಹೋದೆ. ಕೌಂಟರಿನಲ್ಲಿ ಕುಳಿತಿದ್ದ ಗುಮಾಸ್ತರಿಗೆ ಅರವತ್ತರ ಆಸುಪಾಸು. ಸೋಪಿನ ಕೊನೆಯ 12 ಬಾಕ್ಸ್‌ಗಳು ಒಂದು ಅಂಗಡಿಗೆ ಬಿಲ್ ಆಗಿ ಗಾಡಿ ಏರಿದ್ದವು. ಪರದೆಯ ಮೇಲೆ ಅದೇ 12 ಬಾಕ್ಸ್‌ಗಳು ಇನ್ನೂ ಗೋಡೌನ್‌ನಲ್ಲೇ ಇದ್ದವು, ಅವುಗಳಿಗೆ ಇನ್ನೊಂದು ಅಂಗಡಿಯ ಬಿಲ್ಲೂ ಆಗಿಹೋಗಿತ್ತು. ‘ಬಿಲ್ಲೇನೋ ಬಂದೈತೆ ಸಾರ್, ಸ್ಟಾಕು ಹಂಗೇ ನಿಂತೈತೆ. ಯಾವುದನ್ನ ನಂಬಲಿ ನಾನು?’ ಎಂದು ಕೇಳಿದ ಅವರು ಮೇಜಿನ ಕೆಳಗಿನಿಂದ ಉದ್ದನೆಯ ರೂಲ್ಡ್ ಪುಸ್ತಕವೊಂದನ್ನು ತೆಗೆದು ನನ್ನ ಮುಂದೆ ಇಟ್ಟರು. ನೀಲಿ ಶಾಯಿಯಲ್ಲಿ ಬಂದ ಮಾಲು, ಕೆಂಪು ಶಾಯಿಯಲ್ಲಿ ಹೋದ ಮಾಲು, ಪ್ರತಿ ಪುಟದ ಕೊನೆಯಲ್ಲಿ ಗೆರೆ ಎಳೆದು ಬರೆದ ಶಿಲ್ಕು. ಎಂಟು ತಿಂಗಳಿಂದ ಅವರು ದಿನವೂ ಸಂಜೆ ಒಂದು ಗಂಟೆ ಹೆಚ್ಚು ಕುಳಿತು ಅದನ್ನು ಬರೆಯುತ್ತಿದ್ದರು. ನಮಗೆ ತಿಂಗಳು ತಿಂಗಳು ಹಣ ಕೊಡುತ್ತಿದ್ದ ಕಚೇರಿಯಲ್ಲಿ ಒಬ್ಬ ಹಿರಿಯರು ನಮ್ಮ ಕೆಲಸವನ್ನು ಕೈಯಲ್ಲಿ ಮಾಡುತ್ತಿದ್ದರು. ಅಂದು ರಾತ್ರಿ ಬೆಂಗಳೂರಿಗೆ ಹಿಂದಿರುಗುವಾಗ ನನಗೆ ಆ ಪುಸ್ತಕದ ಹೊರತು ಬೇರೇನೂ ನೆನಪಾಗಲಿಲ್ಲ.

ಮರುದಿನ ಒಂದು ಹಾಳೆಯಲ್ಲಿ 19 ಸರ್ವಿಸ್‌ಗಳ ಹೆಸರನ್ನೂ ಒಂದರ ಕೆಳಗೊಂದು ಬರೆದು, ಎದುರಿಗೆ ‘ಇದು ಬೇರೆಯಾಗಿರುವುದರಿಂದ ಯಾವ ವಿತರಕರಿಗೆ ಏನು ಸುಲಭವಾಗಿದೆ?’ ಎಂಬ ಪ್ರಶ್ನೆ ಹಾಕಿಕೊಂಡೆವು. ಉತ್ತರ ಸಿಕ್ಕಿದ್ದು ಎರಡಕ್ಕೆ ಮಾತ್ರ. ಆಮೇಲೆ ಹಳೆಯ ತೊಂದರೆಯತ್ತ ತಿರುಗಿದೆವು. ತಿಂಗಳ ಕೊನೆಯ ನಿಧಾನ ಹಾಗೆಯೇ ಉಳಿದು, ಈಗ ಉದ್ರಿ ಸರ್ವಿಸ್‌ನೊಳಗೆ ಸೇರಿಕೊಂಡಿತ್ತು. ಡೇಟಾಬೇಸಿಗೆ ಹಾಕುವ ಪ್ರಶ್ನೆಗಳಾದ ಕ್ವೆರಿಗಳಲ್ಲಿ ನಿಧಾನವಾದವುಗಳ ಲಾಗ್ ತೆಗೆದು, ಅವು ಹೇಗೆ ನಡೆಯುತ್ತವೆಂದು ತೋರಿಸುವ ಪೋಸ್ಟ್‌ಗ್ರೆಸ್‌ನ ಎಕ್ಸ್‌ಪ್ಲೇನ್ ಆದೇಶ ಕೊಟ್ಟು ನೋಡಿದಾಗ ಕಾರಣ ಕಣ್ಣಿಗೆ ರಾಚುವಂತಿತ್ತು. ಪ್ರತಿ ಬಿಲ್ಲಿಗೂ ಅಂಗಡಿಯ ಬಾಕಿ ಎಷ್ಟೆಂದು ತಿಳಿಯಲು ಖಾತೆ ತೆರೆದ ಮೊದಲ ದಿನದಿಂದ ಎಲ್ಲ ವಸೂಲಿಗಳನ್ನೂ ಕೂಡಲಾಗುತ್ತಿತ್ತು. ಅದಕ್ಕಾಗಿ ವಸೂಲಿಯ ಇಡೀ ಟೇಬಲನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಲಾಗುತ್ತಿತ್ತು. ಬೇಕಾದ ಸಾಲನ್ನು ನೇರವಾಗಿ ಹುಡುಕಿಕೊಡುವ ಸೂಚಿಯೊಂದನ್ನು (ಇಂಡೆಕ್ಸ್) ಅಂಗಡಿ ಮತ್ತು ದಿನಾಂಕದ ಮೇಲೆ ಹಾಕಿ, ತಿಂಗಳ ಅಖೈರು ಶಿಲ್ಕನ್ನು ಲೆಕ್ಕದ ಪುಸ್ತಕಗಳಲ್ಲಿ ಮಾಡುವಂತೆಯೇ ಮುಂದಕ್ಕೆ ಎಳೆದುಕೊಂಡು ಬರುವ ವ್ಯವಸ್ಥೆ ಮಾಡಿದೆವು. ಇಬ್ಬರಿಗೆ ಎರಡು ದಿನಗಳ ಕೆಲಸ. ಬಿಲ್ಲು ಒಂದು ಸೆಕೆಂಡಿನೊಳಗೆ ಬರತೊಡಗಿತು. 2018ರ ಪ್ರಸ್ತಾವದಲ್ಲಿ ನಾನು ಮೊದಲ ಕಾರಣವೆಂದು ಕೊಟ್ಟಿದ್ದ ತೊಂದರೆ ಇಷ್ಟೇ ಆಗಿತ್ತು.

ಜೋಡಿಸುವ ಕೆಲಸ ಒಡೆಯುವುದಕ್ಕಿಂತ ನಿಧಾನವಾಗಿ, ಒಂದು ಕ್ರಮದಲ್ಲಿ ನಡೆಯಿತು. ವಿತರಕರ ಕೆಲಸ ಒಂದು ದಿನವೂ ನಿಲ್ಲಬಾರದು, ಜೋಡಿಸುತ್ತಿರುವ ಭಾಗಕ್ಕೆ ಆ ಅವಧಿಯಲ್ಲಿ ಹೊಸ ಸೌಲಭ್ಯ ಸೇರಿಸಬಾರದು ಎಂದು ಮೊದಲೇ ನಿಶ್ಚಯಿಸಿಕೊಂಡೆವು. ಹೆಚ್ಚು ನೋವು ಕೊಡುತ್ತಿದ್ದ ಬಿಲ್, ಸ್ಟಾಕ್, ಉದ್ರಿಗಳಿಂದಲೇ ಆರಂಭಿಸಿದೆವು. ಮೊದಲ ಹೆಜ್ಜೆಯಲ್ಲಿ ಮೂರರ ಕೋಡನ್ನೂ ಒಂದೇ ತಂತ್ರಾಂಶದೊಳಗೆ ಮೂರು ಮಾಡ್ಯೂಲ್‌ಗಳಾಗಿ ತಂದು, ನೆಟ್‌ವರ್ಕ್ ಮೂಲಕ ಆಗುತ್ತಿದ್ದ ಕರೆಗಳನ್ನು ತಂತ್ರಾಂಶದ ಒಳಗೇ ನಡೆಯುವ ಸಾಮಾನ್ಯ ಫಂಕ್ಷನ್ ಕರೆಗಳಾಗಿ ಬದಲಿಸಿದೆವು. ಡೇಟಾಬೇಸ್‌ಗಳನ್ನು ಆಗ ಮುಟ್ಟಲಿಲ್ಲ. ಎರಡನೆಯ ಹೆಜ್ಜೆಯಲ್ಲಿ ಟೇಬಲ್‌ಗಳನ್ನು ಒಂದೇ ಪೋಸ್ಟ್‌ಗ್ರೆಸ್‌ಗೆ, ಆದರೆ ಅದರೊಳಗಿನ ಬೇರೆ ಬೇರೆ ಸ್ಕೀಮಾಗಳಿಗೆ (ವಿಭಾಗಗಳಿಗೆ) ಸ್ಥಳಾಂತರಿಸಿದೆವು. ಕೊನೆಗೆ ಮಾತ್ರ ಮೂರನ್ನೂ ಒಂದು ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಿದೆವು. ಈ ಮೂರು ಹೆಜ್ಜೆಗಳನ್ನೂ ಒಂದೇ ಬಾರಿಗೆ ಇಡಲು ಹೋಗಿದ್ದರೆ ತಪ್ಪು ಎಲ್ಲಿ ನುಸುಳಿತೆಂದು ಪತ್ತೆಯೇ ಆಗುತ್ತಿರಲಿಲ್ಲ.

ಮೊದಲು ಒಬ್ಬರೇ ವಿತರಕರಿಗೆ, ಅವರ ಒಪ್ಪಿಗೆ ಪಡೆದು, ಮೂರು ವಾರ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿ ಓಡಿಸಿದೆವು. ದಿನವೂ ರಾತ್ರಿ ಒಂದು ಸಣ್ಣ ಸ್ಕ್ರಿಪ್ಟ್ ಎರಡೂ ಕಡೆಯ ಸ್ಟಾಕ್ ಮತ್ತು ಬಾಕಿಗಳನ್ನು ತಾಳೆ ನೋಡಿ ಹೊಂದದ ಸಾಲುಗಳನ್ನು ಪಟ್ಟಿ ಮಾಡುತ್ತಿತ್ತು. ಮೊದಲ ರಾತ್ರಿ 61 ಸಾಲುಗಳು ಹೊಂದಲಿಲ್ಲ. ನಾವು ಗಾಬರಿಯಾದೆವು, ಆದರೆ ಒಂದೊಂದನ್ನೇ ಬಿಲ್ಲಿನ ಪ್ರತಿಯೊಂದಿಗೆ ಹೋಲಿಸಿದಾಗ ಬಹುಪಾಲು ತಪ್ಪುಗಳು ಹಳೆಯ, ಒಡೆದ ವ್ಯವಸ್ಥೆಯವೇ ಎಂದು ಗೊತ್ತಾಯಿತು. ಯಾರ ಗಮನಕ್ಕೂ ಬಾರದೆ ತಿಂಗಳುಗಟ್ಟಲೆ ಕೂತಿದ್ದ ತಪ್ಪುಗಳವು. ಮೂರನೆಯ ವಾರ ಸತತ ಆರು ರಾತ್ರಿ ಪಟ್ಟಿ ಖಾಲಿ ಬಂದ ಮೇಲೆ ಉಳಿದ ವಿತರಕರತ್ತ ಹೋದೆವು. ತುಮಕೂರಿನ ಗುಮಾಸ್ತರು ಹೊಸದು ಬಂದ ಮೇಲೂ ಆರು ತಿಂಗಳು ತಮ್ಮ ಪುಸ್ತಕ ಬರೆಯುವುದನ್ನು ಬಿಡಲಿಲ್ಲ. ಅವರದು ಸರಿಯಾದ ಕ್ರಮವೆಂದೇ ನಾನು ತಿಳಿಯುತ್ತೇನೆ.

2018ರ ಶ್ರಮವೆಲ್ಲ ವ್ಯರ್ಥವಾಯಿತೆಂದು ಹೇಳಿದರೆ ಅನ್ಯಾಯವಾದೀತು. ಒಡೆಯುವಾಗ ಯಾವ ಕೆಲಸ ಯಾರದು ಎಂಬ ಗಡಿಗಳನ್ನು ನಾವು ಎಚ್ಚರದಿಂದ ಗುರುತಿಸಿದ್ದೆವು. 14 ಕಡೆ ಚದುರಿದ್ದ ತೆರಿಗೆ ಲೆಕ್ಕ ಒಂದೇ ಕಡೆ ಬಂದದ್ದು ಆಗಲೇ. ಆ ಗಡಿಗಳನ್ನು ಜೋಡಿಸಿದ ತಂತ್ರಾಂಶದಲ್ಲೂ ಉಳಿಸಿಕೊಂಡೆವು. ಗಡಿ ಬೇಕಿತ್ತು, ಗಡಿಯ ನಡುವೆ ನೆಟ್‌ವರ್ಕ್ ಬೇಕಿರಲಿಲ್ಲ. ಬೇರೆಯಾಗಿಯೇ ಉಳಿದ ಎರಡು ಸರ್ವಿಸ್‌ಗಳಲ್ಲಿ ಒಂದು ಅಂಗಡಿಗಳಿಗೆ ಸಂದೇಶ ಕಳುಹಿಸುವುದು, ಇನ್ನೊಂದು ಸರ್ಕಾರದ ಪೋರ್ಟಲ್‌ನೊಂದಿಗೆ ವ್ಯವಹರಿಸುವುದು. ಬಿಲ್ಲನ್ನು ಆ ಪೋರ್ಟಲ್‌ನಲ್ಲಿ ನೋಂದಾಯಿಸಬೇಕಾದ ಇ-ಇನ್‌ವಾಯ್ಸ್ ವ್ಯವಸ್ಥೆ 2020ರ ಅಕ್ಟೋಬರಿನಲ್ಲಿ 500 ಕೋಟಿಗೂ ಮೀರಿದ ವಹಿವಾಟಿನವರಿಗೆ ಆರಂಭವಾಗಿ, 2023ರ ಆಗಸ್ಟ್ ಹೊತ್ತಿಗೆ 5 ಕೋಟಿ ದಾಟಿದವರವರೆಗೂ ಇಳಿದುಬಂತು. ನಮ್ಮ ವಿತರಕರು ವರ್ಷ ವರ್ಷವೂ ಅದರ ವ್ಯಾಪ್ತಿಗೆ ಸೇರುತ್ತ ಹೋದರು. ಪೋರ್ಟಲ್ ಉತ್ತರ ಕೊಡಲು ತಡಮಾಡಿದರೆ ಆ ಒಂದು ಬಿಲ್ಲು ಕಾಯಲಿ, ವಸೂಲಿಯ ಜಮಾ, ಸ್ಟಾಕಿನ ಆವಕ ಕಾಯಬೇಕಿಲ್ಲ. ಇಲ್ಲಿ ಬೇರೆ ಇಡುವುದಕ್ಕೆ ಕೌಂಟರಿನಲ್ಲಿ ಕುಳಿತವರಿಗೂ ಅರ್ಥವಾಗುವ ಕಾರಣವಿದೆ.

ತಂತ್ರಜ್ಞಾನಕ್ಕಿಂತ ಕಷ್ಟವಾದದ್ದು ತಂಡದ ಮನಸ್ಸು. ಜೋಡಿಸುವ ಪ್ರಸ್ತಾವ ಮುಂದಿಟ್ಟಾಗ ನಮ್ಮ ಕಿರಿಯ ಎಂಜಿನಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಸರ್, ಮುಂದಿನ ಸಂದರ್ಶನದಲ್ಲಿ ನಾನು ಕುಬರ್‌ನೆಟೀಸ್ ಬಿಟ್ಟು ಬಂದೆ ಅಂತ ಹೇಳಿದರೆ ಯಾರು ಕೆಲಸ ಕೊಡುತ್ತಾರೆ?’ ಎಂದು ಕೇಳಿದರು. ಆ ಆತಂಕದಲ್ಲಿ ತಪ್ಪೇನಿರಲಿಲ್ಲ. ಕೆಲಸದ ಜಾಹೀರಾತುಗಳು ಉಪಕರಣಗಳ ಹೆಸರನ್ನೇ ಕೇಳುವಾಗ, ಸಂಬಳವೂ ಆ ಹೆಸರುಗಳ ಮೇಲೆಯೇ ನಿಲ್ಲುವಾಗ, ಇಪ್ಪತ್ತೈದರ ಹರೆಯದವರು ಆ ಹೆಸರುಗಳನ್ನು ಗಳಿಸಿಕೊಳ್ಳಲು ಬಯಸಿದರೆ ಅವರನ್ನು ದೂರುವುದು ಸರಿಯಲ್ಲ. ಫ್ಯಾಷನ್ನಿನ ಬೇರು ಬಹುಮಟ್ಟಿಗೆ ಇಲ್ಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನನ್ನ ಕೈಯಲ್ಲಿದ್ದಷ್ಟನ್ನು ಮಾಡಿದೆ: ನಮ್ಮ ಸಂದರ್ಶನಗಳಲ್ಲಿ ಉಪಕರಣಗಳ ಪಟ್ಟಿ ಕೇಳುವುದನ್ನು ನಿಲ್ಲಿಸಿ, ಅಭ್ಯರ್ಥಿ ತಾವು ಪತ್ತೆಹಚ್ಚಿದ ಒಂದು ದೋಷವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುವಂತೆ ಕೇಳತೊಡಗಿದೆವು. ಆ ಕಿರಿಯರಿಗೆ ಜೋಡಣೆಯ ತಾಳೆ ನೋಡುವ ಕೆಲಸವನ್ನೇ ಪೂರ್ತಿ ಒಪ್ಪಿಸಿದೆ. ಎರಡು ವರ್ಷಗಳ ನಂತರ ಅವರು ಬೇರೆಡೆ ಸೇರಿದರು, ಸಂದರ್ಶನದಲ್ಲಿ ಮುಕ್ಕಾಲು ಗಂಟೆ ಆ 61 ಸಾಲುಗಳ ಬಗ್ಗೆಯೇ ಮಾತಾಡಿದೆ ಎಂದು ಫೋನ್ ಮಾಡಿ ತಿಳಿಸಿದರು.

ನಮ್ಮಂತೆ ಹಿಂದಿರುಗಿದವರು ಇನ್ನೂ ಇದ್ದಾರೆ. ಸೆಗ್ಮೆಂಟ್ ಎಂಬ ಅಮೆರಿಕದ ಸಂಸ್ಥೆ ತನ್ನ 140ಕ್ಕೂ ಹೆಚ್ಚು ಸರ್ವಿಸ್‌ಗಳನ್ನು ಒಂದಾಗಿಸಿದ ವಿವರವನ್ನು 2018ರಲ್ಲೇ ಪ್ರಕಟಿಸಿತ್ತು, ಅಂದರೆ ನಾವು ಒಡೆಯುತ್ತಿದ್ದ ಅದೇ ವರ್ಷ. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೊದ ತಂಡವೊಂದು ತನ್ನ ಚಿತ್ರ ಮತ್ತು ಧ್ವನಿಯ ಗುಣಮಟ್ಟ ಗಮನಿಸುವ ಉಪಕರಣವನ್ನು ಒಂದೇ ಪ್ರಕ್ರಿಯೆಯಾಗಿ ಜೋಡಿಸಿ ವೆಚ್ಚವನ್ನು ಶೇ. 90ರಷ್ಟು ತಗ್ಗಿಸಿದೆ ಎಂದು ಬರೆಯಿತು. ಅದಾದ ಒಂದೇ ವಾರದಲ್ಲಿ ಗಾಳಿ ದಿಕ್ಕು ಬದಲಿಸಿತು. ‘ಮಾನೊಲಿತ್ ಸರಿ ಅಂತ ಅಮೆಜಾನ್‌ನವರೇ ಹೇಳಿದ್ದಾರೆ’ ಎಂದು ನನಗೆ ಹೇಳಿದವರಲ್ಲಿ ಹೆಚ್ಚಿನವರು ಆ ಬರಹವನ್ನು ಓದಿರಲಿಲ್ಲ. ಅದು ಇಡೀ ಪ್ರೈಮ್ ವಿಡಿಯೊದ ಕಥೆಯಲ್ಲ, ಅದರೊಳಗಿನ ಒಂದು ಉಪಕರಣದ ಕಥೆ. ಯಾರದೋ ತೊಂದರೆಗೆ ಹುಟ್ಟಿದ ಪರಿಹಾರವನ್ನು ಆ ತೊಂದರೆಯ ಅಳತೆ ನೋಡದೆ ಹೊತ್ತು ತರುವ ಚಾಳಿ ಈ ಕಡೆಗೂ ಅಷ್ಟೇ ಇದೆ.

ಹೊಸದನ್ನು ಕಂಡರೆ ಅನುಮಾನಿಸುವುದೂ ಒಂದು ಚಾಳಿಯಾಗಬಲ್ಲದು. 2017ರಲ್ಲಿ ಹಾಸನದ ವಿತರಕರೊಬ್ಬರು ವಸೂಲಿಗೆ ಯುಪಿಐ ಜೋಡಿಸಿಕೊಡಿ ಎಂದು ಕೇಳಿದ್ದರು. ನೋಟು ರದ್ದತಿಯ ಬಿಸಿಯಲ್ಲಿ ಎದ್ದ ಅಲೆ, ಇಳಿದುಹೋಗುತ್ತದೆ ಎಂದು ನಾನು ಅದನ್ನು ಮುಂದೂಡಿದೆ. ಲೈನಿಗೆ ಹೋದ ಹುಡುಗರು ಸಂಜೆ ಚೀಲದ ತುಂಬ ನಗದು ತಂದು ಎಣಿಸುವುದು, ಲೆಕ್ಕ ತಪ್ಪಿದರೆ ಅವರ ಸಂಬಳದಲ್ಲೇ ಮುರಿದುಕೊಳ್ಳುವುದು ನನ್ನ ಕಣ್ಣೆದುರೇ ಇತ್ತು. ‘ಯಾರಿಗೆ ಏನು ಸುಲಭವಾಗುತ್ತದೆ’ ಎಂಬ ಪ್ರಶ್ನೆ ಆಗಲೇ ಹೊಳೆದಿದ್ದರೆ ಉತ್ತರ ಸಿದ್ಧವಿತ್ತು. 2020ರ ಲಾಕ್‌ಡೌನ್‌ನಲ್ಲಿ ವಿತರಕರು ಪಾವತಿಯ ಸ್ಕ್ರೀನ್‌ಶಾಟ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಒಂದೊಂದನ್ನೇ ಕೈಯಿಂದ ಜಮಾ ಮಾಡುತ್ತಿದ್ದುದನ್ನು ಕಂಡ ಮೇಲೆ ನಾವು ಅದನ್ನು ಜೋಡಿಸಿದೆವು. ಮೂರು ವರ್ಷ ತಡವಾಯಿತು. ಹಾಸನದವರ ಕ್ಷಮೆಯನ್ನೂ ಕೇಳಿದೆ.

ಬ್ಲಾಕ್‌ಚೈನ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2017ರ ಡಿಸೆಂಬರಿನಲ್ಲಿ ಅಮೆರಿಕದ ಐಸ್ಡ್ ಟೀ ಕಂಪನಿಯೊಂದು ತನ್ನ ಹೆಸರನ್ನು ಲಾಂಗ್ ಬ್ಲಾಕ್‌ಚೈನ್ ಎಂದು ಬದಲಾಯಿಸಿಕೊಂಡಾಗ ಅದರ ಷೇರಿನ ಬೆಲೆ ಅಂದೇ ಎರಡು ಪಟ್ಟನ್ನೂ ಮೀರಿ ಏರಿತು. ಮುಂದಿನ ವರ್ಷ ಅದನ್ನು ನಾಸ್ಡಾಕ್ ತನ್ನ ಪಟ್ಟಿಯಿಂದ ತೆಗೆದುಹಾಕಿತು. ನಮ್ಮಲ್ಲೂ ಆ ಮಾತು ಬಂದು ಹೋಯಿತು. ಬ್ಲಾಕ್‌ಚೈನ್ ಇರುವುದು ಪರಸ್ಪರ ನಂಬಿಕೆಯಿಲ್ಲದ ಹಲವರು ಒಂದೇ ಲೆಕ್ಕವನ್ನು ಇಟ್ಟುಕೊಳ್ಳಬೇಕಾದ ಸಂದರ್ಭಕ್ಕೆ, ಅಂಥ ಸಂದರ್ಭ ನಮ್ಮ ವಿತರಕರಲ್ಲಿ ಇರಲಿಲ್ಲ.

ಈಗ ಕೃತಕ ಬುದ್ಧಿಮತ್ತೆಯ, ಅಂದರೆ ಬರಹವನ್ನು ಓದಿ ಬರೆಯಬಲ್ಲ ಭಾಷಾ ಮಾದರಿಗಳ ಸರದಿ. ಈ ಸಲ ಒಂಬತ್ತು ಪುಟ ಬರೆಯುವ ಮೊದಲು ಇಬ್ಬರು ಎಂಜಿನಿಯರುಗಳನ್ನು ಎರಡು ದಿನ ವಿತರಕರ ಕೌಂಟರಿಗೆ ಕಳುಹಿಸಿದೆ. ಅವರು ತಂದದ್ದು ಒಂದೇ ಸಂಗತಿ: ವಯಸ್ಸಾದ ಸೇಲ್ಸ್‌ಮನ್‌ಗಳು ಮೊಬೈಲಿನಲ್ಲಿ ಆರ್ಡರ್ ಹಾಕುವುದಿಲ್ಲ, ಚೀಟಿಯಲ್ಲಿ ಬರೆದು ತರುತ್ತಾರೆ, ಸಂಜೆ ಅದನ್ನು ಟೈಪ್ ಮಾಡಲು ಒಬ್ಬರು ಕೂರಬೇಕು. ಆ ಚೀಟಿಯ ಫೋಟೊ ತೆಗೆದರೆ ಮಾದರಿಯು ಓದಿ ಆರ್ಡರ್ ತುಂಬಿಸುವಂತೆ ಮಾಡಿ 200 ಚೀಟಿಗಳ ಮೇಲೆ ಪರೀಕ್ಷಿಸಿದೆವು. ಬಿಡಿಸಿ ಬರೆದ ಚೀಟಿಗಳನ್ನು ಅದು ಚೆನ್ನಾಗಿ ಓದುತ್ತದೆ. ‘ಸೋ. ಸ. 2 ಡ’ ಎಂಬುದು ಸಣ್ಣ ಸೋಪು ಎರಡು ಡಜನ್ ಎಂದು ಅದಕ್ಕೆ ಗೊತ್ತಾಗುವುದಿಲ್ಲ; ಕೆಲವೊಮ್ಮೆ ಗೊತ್ತಿಲ್ಲದ ಜಾಗದಲ್ಲಿ ತಾನೇ ಒಂದು ವಸ್ತುವನ್ನು ತುಂಬಿಬಿಡುತ್ತದೆ. ಆದ್ದರಿಂದ ಅದು ಓದಿದ್ದನ್ನು ಗುಮಾಸ್ತರು ನೋಡಿ ಒಪ್ಪಿದ ಮೇಲೆಯೇ ಆರ್ಡರ್ ಆಗುತ್ತದೆ, ದರ ಮತ್ತು ತೆರಿಗೆಯ ಲೆಕ್ಕವನ್ನು ಹಳೆಯ ಕೋಡೇ ಹಾಕುತ್ತದೆ. ನಾಲ್ವರು ವಿತರಕರಲ್ಲಿ ದೀಪಾವಳಿಯವರೆಗೆ ಓಡಿಸಿ, ಟೈಪ್ ಮಾಡುವ ಹೊತ್ತು ನಿಜಕ್ಕೂ ಉಳಿಯಿತೇ ಎಂದು ಗಡಿಯಾರ ಹಿಡಿದು ನೋಡುತ್ತೇವೆ. ತುಮಕೂರಿನ ಗುಮಾಸ್ತರೂ ತಮ್ಮಲ್ಲಿಗೆ ಬರುವ ಚೀಟಿಗಳ ಒಂದು ಕಟ್ಟನ್ನು ಕಳುಹಿಸಿದ್ದಾರೆ, ಜೊತೆಗೆ ಯಾವ ಸಂಕ್ಷೇಪಕ್ಕೆ ಯಾವ ವಸ್ತು ಎಂಬ ಎರಡು ಪುಟಗಳ ಪಟ್ಟಿಯನ್ನು ನೀಲಿ ಶಾಯಿಯಲ್ಲಿ ಬರೆದು ಇಟ್ಟಿದ್ದಾರೆ. ಈ ವಾರ ಅದನ್ನು ತಂತ್ರಾಂಶಕ್ಕೆ ಸೇರಿಸುತ್ತಿದ್ದೇವೆ.